ನಗರದ ದಂಗೆ ಬರೀ ಸಿಟ್ಟಿನ ಕತೆಯಲ್ಲ

ಸಂಪಾದಕರೇ,

ಮೈಸೂರು ರಾಜ್ಯದ ನಗರ ಸೀಮೆಯಲ್ಲಿ (ಹಳೆಯ ಬಿದನೂರು, ಈಗಿನ ಶಿವಮೊಗ್ಗ ಜಿಲ್ಲೆ) 1830ರಲ್ಲಿ ಕಂದಾಯದ ವಿರುದ್ಧ ಎದ್ದ ರೈತರ ದಂಗೆ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಜನರ ತಾಳ್ಮೆ ಮೀರಿತು, ಅದಕ್ಕೇ ಎದ್ದರು ಅನ್ನುವ ಮಾತು ಮಾತ್ರ ಒಪ್ಪಲು ಆಗಲಿಲ್ಲ. ಕಂದಾಯದ ಕಾಟ 1830ರಲ್ಲಿ ಹೊಸದಾಗಿ ಶುರುವಾಗಿದ್ದಲ್ಲ. ಸಿಟ್ಟು ಮೊದಲೂ ಇತ್ತು. ಹಾಗಾದರೆ ಆ ವರ್ಷವೇ ಯಾಕೆ?

ನಾನು ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಮಾಡುವವಳು. ಈ ಪ್ರಶ್ನೆಗೆ ಗೇಮ್ ಥಿಯರಿ, ಅಂದರೆ ಬೇರೆಯವರು ಏನು ಮಾಡಬಹುದು ಅಂತ ಯೋಚಿಸಿ ನಮ್ಮ ಹೆಜ್ಜೆ ಇಡುವ ಲೆಕ್ಕ, ಒಳ್ಳೆ ದಾರಿ ತೋರಿಸುತ್ತದೆ ಅಂತ ನನ್ನ ನಂಬಿಕೆ. ಹೆಸರು ದೊಡ್ಡದು, ವಿಷಯ ಆಡು-ಹುಲಿ ಆಟ ಆಡಿದವರಿಗೆಲ್ಲ ಗೊತ್ತಿರುವುದೇ. ಒಂಟಿ ಆಡನ್ನು ಹುಲಿ ಹಾರಿ ತಿನ್ನುತ್ತದೆ, ಅದರ ಬೆನ್ನಿಗೆ ಇನ್ನೊಂದು ಆಡು ನಿಂತಿದ್ದರೆ ಹಾರೋಕೇ ಆಗಲ್ಲ. ಆದರೆ ಮನೆಯಲ್ಲಿ ಆಡುವಾಗ ಎಲ್ಲ ಆಡುಗಳನ್ನೂ ನಡೆಸುವುದು ಒಂದೇ ಕೈ. ಊರಿನಲ್ಲಿ ಹಾಗಲ್ಲ, ಪ್ರತಿಯೊಬ್ಬನೂ ತನ್ನ ಪಾಡಿಗೆ ತಾನೇ ಲೆಕ್ಕ ಹಾಕಬೇಕು: ನಾನು ಕಂದಾಯ ಕೊಡಲ್ಲ ಅಂತ ನಿಂತು ಪಕ್ಕದ ಮನೆಯವನು ಸುಮ್ನೆ ಕೊಟ್ಟುಬಿಟ್ಟರೆ ಏಟು ಬೀಳುವುದು ನನಗೆ ಒಬ್ಬನಿಗೇ ಅಲ್ವಾ?

ಇದನ್ನೇ ಕ್ಲಾಸಿನಲ್ಲಿ ಆಡಿಸಿದೆ. ನಲವತ್ತು ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಜನ ಎದ್ದು ನಿಂತರೆ ಎಲ್ಲರಿಗೂ ಕಡಲೆ ಚಿಕ್ಕಿ, ಕಡಿಮೆಯಾದರೆ ನಿಂತವರಿಗೆ ಮಾತ್ರ ಎರಡು ಪುಟ ಹೆಚ್ಚಿನ ಹೋಂವರ್ಕ್ ಅಂದೆ. ಕಣ್ಣು ಮುಚ್ಚಿಸಿ ಕೇಳಿದಾಗ ನಿಂತವರು ಆರೇ ಆರು ಜನ. ಕಣ್ಣು ತೆರೆಸಿದೆ. ಹಿಂದಿನ ಬೆಂಚಿನ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡು ಎದ್ದರು, ಅವರನ್ನು ನೋಡಿ ಪಕ್ಕದ ಸಾಲು ಎದ್ದಿತು, ಅರ್ಧ ನಿಮಿಷದಲ್ಲಿ ಇಡೀ ಕ್ಲಾಸು. ಚಿಕ್ಕಿಯ ಆಸೆ ಎರಡು ಸಲವೂ ಅಷ್ಟೇ ಇತ್ತು. ಬದಲಾಗಿದ್ದು ಅಕ್ಕಪಕ್ಕದವರು ಕಾಣಿಸಿದ್ದು, ಅಷ್ಟೇ.

ನಗರದ ರೈತರು ಸೇರಿದ 'ಕೂಟ'ಗಳನ್ನು ನಾನು ಹೀಗೇ ಓದುತ್ತೇನೆ. ಕಂದಾಯ ಕೊಡಲ್ಲ ಅಂತ ನಾಲ್ಕು ಜನರ ಎದುರು ಹೇಳಿದರೆ, ಹೇಳಿದ್ದು ಎಲ್ಲರಿಗೂ ಗೊತ್ತು, ಗೊತ್ತಿದೆ ಅನ್ನುವುದೂ ಎಲ್ಲರಿಗೂ ಗೊತ್ತು. ಹಿಂದೆ ಈ ಸೀಮೆ ಆಳಿದ್ದ ಕೆಳದಿ ಅರಸರ ವಂಶದವನು ತಾನು ಅಂತ ದಂಗೆಯ ನಾಯಕ ಬೂದಿ ಬಸಪ್ಪ ಮುಂದೆ ಬಂದಾಗ, ಅದು ನಿಜವೋ ಸುಳ್ಳೋ ಅನ್ನುವುದಕ್ಕಿಂತ, ಚದುರಿದ ಜನಕ್ಕೆ ಸೇರಲು ಒಂದು ಗುರುತು ಸಿಕ್ಕಿತು ಅನ್ನುವುದೇ ಮುಖ್ಯ.

ಕಂದಾಯ ವಸೂಲಿ ಮಾಡುವ ಅಧಿಕಾರಿಗಳಾದ ಅಮಲ್ದಾರರದ್ದೂ ಒಂದು ಲೆಕ್ಕ ಇತ್ತು. ಶರತ್ತು ಪದ್ಧತಿಯಲ್ಲಿ ಅವರು ಇಷ್ಟು ಹಣ ವಸೂಲಿ ಮಾಡುತ್ತೇನೆ ಅಂತ ಬರೆದುಕೊಡಬೇಕಿತ್ತು. ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕು. ಅಂಥವನು ಮಳೆ ಬಂತಾ, ಬೆಳೆ ಆಯ್ತಾ ಅಂತ ನೋಡುತ್ತಾನಾ? ಅವನು ಒಳ್ಳೆಯವನಾಗಿದ್ದರೂ ರೈತನನ್ನು ಹಿಂಡಲೇಬೇಕಿತ್ತು.

ನಿಮ್ಮ ಲೇಖನದಲ್ಲಿ ಪೂರ್ತಿ ಬಿಟ್ಟುಹೋಗಿದ್ದು ಮೂರನೇ ಆಟಗಾರ, ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ. ಕಂಪನಿ ಮೈಸೂರಿನ ಜೊತೆ ಮಾಡಿಕೊಂಡ 1799ರ ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ (ಆಗಿನ ಚಿನ್ನದ ನಾಣ್ಯ) ಕೊಡಬೇಕು, ರಾಜ್ಯದ ರಕ್ಷಣೆ ಕಂಪನಿಯ ಸೈನ್ಯದ್ದು. ಹಿಂದೆ ಪ್ರಜೆಗಳು ತಿರುಗಿಬೀಳಬಹುದು ಅನ್ನುವ ಭಯವೇ ಅರಸನ ಕೈಯನ್ನು ಸ್ವಲ್ಪ ತಡೆಯುತ್ತಿತ್ತು. ಬೆನ್ನಿಗೆ ಬೇರೆಯವರ ಫೌಜು ನಿಂತ ಮೇಲೆ ಆ ಭಯ ಎಲ್ಲಿ ಉಳಿಯುತ್ತದೆ? ಕಂಪನಿಗೆ ಬೇಕಾಗಿದ್ದು ತನ್ನ ಕಂತು, ಅದಕ್ಕೆ ಅಪಾಯ ಬಂದರೆ ರಾಜ್ಯವನ್ನೇ ವಹಿಸಿಕೊಳ್ಳುವ ಹಕ್ಕನ್ನೂ ಅದು ಒಪ್ಪಂದದಲ್ಲೇ ಬರೆಸಿಕೊಂಡಿತ್ತು. ಮೊದಲು ಸೈನ್ಯ ಕಳಿಸಿ ದಂಗೆಯನ್ನು ಅಡಗಿಸಿತು, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನೂ ಕಿತ್ತುಕೊಂಡಿತು. ಅದು ಅರಮನೆಗೆ ವಾಪಸ್ ಬಂದಿದ್ದು 1881ರಲ್ಲಿ. ಸತ್ತವರು ರೈತರು, ಅಧಿಕಾರ ಕಳೆದುಕೊಂಡವರು ಮಹಾರಾಜರು, ರಾಜ್ಯ ಸಿಕ್ಕಿದ್ದು ಕಂಪನಿಗೆ. ಈ ವಿಷಯ ಪಾಠ ಮಾಡುವಾಗ ನನಗೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಲೆಕ್ಕದಲ್ಲಿ ಎಲ್ಲವೂ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ಮೊದಲು ಎದ್ದುನಿಂತ ಆ ಇಬ್ಬರು ಹುಡುಗಿಯರಿಗೆ ಧೈರ್ಯ ಎಲ್ಲಿಂದ ಬಂತು ಅನ್ನುವುದು ನನ್ನ ಯಾವ ಸೂತ್ರದಲ್ಲೂ ಇಲ್ಲ. ಆದರೂ ರೈತರನ್ನು ಸಿಟ್ಟಿಗೆದ್ದ ಗುಂಪು ಅಂತಷ್ಟೇ ಬರೆದರೆ ಅವರು ಅಳೆದು ತೂಗಿ, ಒಬ್ಬರನ್ನೊಬ್ಬರು ನಂಬಿ ಹೆಜ್ಜೆ ಇಟ್ಟಿದ್ದು ಮರೆತೇ ಹೋಗುತ್ತದೆ. ದಯವಿಟ್ಟು ಮುಂದಿನ ಪುರವಣಿಯಲ್ಲಿ ಶರತ್ತು ಪದ್ಧತಿಯ ಬಗ್ಗೆ, 1799ರ ಒಪ್ಪಂದದ ಬಗ್ಗೆ ಒಂದು ಪೂರ್ತಿ ಲೇಖನ ಹಾಕಿ. ಕತ್ತರಿಸಿ ಕ್ಲಾಸಿನ ಗೋಡೆಗೆ ಅಂಟಿಸುತ್ತೇನೆ.

— ಅರ್ಥಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ