ಯಾವ ನಿಯಮ, ಯಾವ ಬ್ಯಾಚಿಗೆ, ಯಾವತ್ತಿನಿಂದ? ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ನಮ್ಮ ವಿಶ್ವವಿದ್ಯಾಲಯಗಳ ನಿಯಮಗಳು ಎಲ್ಲಿ ಸಿಗುತ್ತವೆ ಎಂಬ ಒಂದೇ ವಿಷಯದ ಬಗ್ಗೆ ಈ ಪತ್ರ. ಅನುದಾನ, ಖಾಲಿ ಹುದ್ದೆ, ಅತಿಥಿ ಉಪನ್ಯಾಸಕರ ಗೌರವಧನ, ಇವುಗಳ ಬಗ್ಗೆ ನಿಮಗೆ ದಿನಾ ಪತ್ರ ಬರುತ್ತಿರುತ್ತವೆ. ಅವೆಲ್ಲ ದೊಡ್ಡ ವಿಷಯಗಳೇ. ಇದು ಕಾಗದಪತ್ರದ ವಿಷಯ, ನೋಡಲು ಸಣ್ಣದು. ಆದರೆ ಇದರಿಂದ ಮಕ್ಕಳ ಒಂದೊಂದು ವರ್ಷವೇ ಹಾಳಾಗುತ್ತಿದೆ. ಸರಿಮಾಡಲು ದುಡ್ಡು ಜಾಸ್ತಿ ಬೇಡ, ಹೊಸ ಕಾನೂನೂ ಬೇಡ. ನೀವು ಬರೀ ಸಚಿವರಲ್ಲ, ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕುಲಾಧಿಪತಿಗಳಾದ ರಾಜ್ಯಪಾಲರ ನಂತರದ ಸಮಕುಲಾಧಿಪತಿಯೂ ಹೌದು. ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ.

ನಾನು ಅನುದಾನಿತ ಪದವಿ ಕಾಲೇಜೊಂದರಲ್ಲಿ ವಾಣಿಜ್ಯ ವಿಭಾಗದ ಅಧ್ಯಾಪಕಿ. ಪರೀಕ್ಷೆಯ ಕೆಲಸವೂ ನನ್ನ ಪಾಲಿಗಿದೆ. 2020ರಲ್ಲಿ ಬಿ.ಕಾಂ.ಗೆ ಸೇರಿದವರು ಹಳೆಯ ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್) ಪದ್ಧತಿಯವರು. 2021ರಲ್ಲಿ ಸೇರಿದವರಿಗೆ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು. ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು ಅಂತ ಆಗ ಹೇಳಿಕೊಂಡೆವು. 2023ರಲ್ಲಿ ಸರ್ಕಾರ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚಿಸಿತು. ಅದರ ಮಧ್ಯಂತರ ವರದಿ ಬಂತು, 2024ರ ಮೇ ತಿಂಗಳಲ್ಲಿ ಆದೇಶ ಹೊರಟಿತು, 2024-25ರಿಂದ ಎನ್‌ಇಪಿಯ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷದ ಪದವಿ ಶುರುವಾಯಿತು. ಯಾವ ಪದ್ಧತಿ ಒಳ್ಳೆಯದು ಎಂಬ ಚರ್ಚೆ ಇಲ್ಲಿ ಬೇಡ. ಐದು ಪ್ರವೇಶ ವರ್ಷಗಳಲ್ಲಿ ಮೂರು ಪದ್ಧತಿ ಬಂದವು. ಪೇಪರುಗಳ ಹೆಸರು ಬೇರೆ, ಕೋಡ್ ಬೇರೆ, ಕ್ರೆಡಿಟ್ ಲೆಕ್ಕ ಬೇರೆ, ಆಂತರಿಕ ಅಂಕದ ಪಾಲು ಬೇರೆ. ಹೊಸ ಪದ್ಧತಿ ಬಂದ ಮಾತ್ರಕ್ಕೆ ಹಳೆಯದು ಸಾಯುವುದಿಲ್ಲ. ಅದರಲ್ಲಿ ಸೇರಿದ ಕೊನೆಯ ವಿದ್ಯಾರ್ಥಿ ಕೊನೆಯ ಪೇಪರ್ ಪಾಸಾಗುವ ತನಕ ಅದು ಬದುಕಿರಲೇಬೇಕು.

ನಮ್ಮಲ್ಲಿ ಕೊರತೆ ಇರುವುದೇ ಇಲ್ಲಿ. ಹೊಸ ರೆಗ್ಯುಲೇಷನ್, ಅಂದರೆ ಕೋರ್ಸಿನ ನಿಯಮಾವಳಿ, ಜಾಲತಾಣಕ್ಕೆ ಹಾಕುವ ಭರದಲ್ಲಿ ಹಳೆಯದನ್ನು ತೆಗೆದುಬಿಡುತ್ತಾರೆ.

2020ರ ಬ್ಯಾಚಿನ ಒಬ್ಬ ಹುಡುಗಿಗೆ ಒಂದು ಪೇಪರ್ ಬಾಕಿ ಉಳಿದಿತ್ತು. ಮನೆಯ ಕಷ್ಟಕ್ಕೆ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ದಳು. ಪರೀಕ್ಷೆ ಕಟ್ಟೋಣ ಅಂತ ರಜೆ ಹಾಕಿ ಬಂದಳು. ಅವಳ ಪೇಪರ್ ಈಗಿನ ಪಠ್ಯಕ್ರಮದಲ್ಲಿ ಇಲ್ಲ. ಹಳೆಯ ಪ್ರಶ್ನೆಪತ್ರಿಕೆ ಕೊಡುತ್ತಾರಾ, ಅದಕ್ಕೆ ಸಮಾನವಾದ ಹೊಸ ಪೇಪರ್ ಬರೆಯಬೇಕಾ, ಇನ್ನೆಷ್ಟು ಅವಕಾಶ ಉಳಿದಿದೆ? ಕೇಳಿದ್ದು ಇಷ್ಟೇ. ಕಾಲೇಜಿನ ಆಫೀಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಕೇಳಿ ಎಂದರು. ಅಲ್ಲಿನ ಪರೀಕ್ಷಾ ವಿಭಾಗದವರು, ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯವರು ಹೇಳಬೇಕು ಎಂದರು. ಮಂಡಳಿಯ ಅಧ್ಯಕ್ಷರು, ನಮ್ಮ ಅವಧಿ ಮುಗಿದಿದೆ ಎಂದರು. ಕಡೆಗೆ ಪಕ್ಕದ ಕಾಲೇಜಿನ ಸ್ನೇಹಿತರೊಬ್ಬರು ವಾಟ್ಸಾಪಿನಲ್ಲಿ ಒಂದು ಸುತ್ತೋಲೆಯ ಫೋಟೊ ಕಳಿಸಿದರು.

ಆ ಫೋಟೊ ಹೇಗಿತ್ತು ಅಂತ ಹೇಳಲೇಬೇಕು. ಫೈಲಿನಲ್ಲಿ ಟ್ಯಾಗ್ ಹಾಕಿದ ಹಾಳೆಯನ್ನು ಓರೆಯಾಗಿ ಹಿಡಿದು ತೆಗೆದದ್ದು. ಎಡಗಡೆಯ ಅಕ್ಷರಗಳು ಮಡಿಕೆಯೊಳಗೆ ಹೋಗಿವೆ. ದಿನಾಂಕದ ಮೇಲೆ ಯಾರದೋ ಹೆಬ್ಬೆರಳು. ವಿಷಯ ಎಂದು ಒಂದು ಸಾಲು, ಅದರ ಕೆಳಗೆ ಉಲ್ಲೇಖ ಎಂದು ಮೂರು. ಒಂದನೆಯದು ಹಿಂದಿನ ಒಂದು ಸುತ್ತೋಲೆ. ಎರಡನೆಯದು ಅಕಾಡೆಮಿಕ್ ಕೌನ್ಸಿಲ್ ನಡಾವಳಿ. ಮೂರನೆಯದು ಕುಲಪತಿಗಳ ಅನುಮೋದನೆ. ಸುತ್ತೋಲೆಯ ಒಳಗೆ ಬರೆದಿರುವುದು "ಉಲ್ಲೇಖ 1ರಲ್ಲಿ ತಿಳಿಸಿದಂತೆ ಕ್ರಮ ವಹಿಸುವುದು" ಎಂದು ಮಾತ್ರ. ಆ ಉಲ್ಲೇಖ 1 ನಮ್ಮ ಕಾಲೇಜಿನಲ್ಲಿ ಇಲ್ಲ, ಪಕ್ಕದ ಕಾಲೇಜಿನಲ್ಲೂ ಇಲ್ಲ, ವಿಶ್ವವಿದ್ಯಾಲಯದ ಜಾಲತಾಣದಲ್ಲೂ ಇಲ್ಲ. ಅದನ್ನು ಹುಡುಕಿ ತರುವಷ್ಟರಲ್ಲಿ ದಂಡ ಸಹಿತ ಶುಲ್ಕ ಕಟ್ಟುವ ಕೊನೆಯ ದಿನವೂ ದಾಟಿತ್ತು. ಅವಳು ಮುಂದಿನ ಪರೀಕ್ಷೆಗೆ ಕಾಯಬೇಕಾಯಿತು.

ಇದರಲ್ಲಿ ಯಾರನ್ನೂ ಕೆಟ್ಟವರು ಅನ್ನಲಾರೆ. ವಿಶ್ವವಿದ್ಯಾಲಯದ ಸೆಕ್ಷನ್ನುಗಳಲ್ಲಿ ಕೂತಿರುವ ವಿಷಯ ನಿರ್ವಾಹಕರು ನನಗೆ ಗೊತ್ತು. ಅವರ ಮೇಜಿನ ಮೇಲಿನ ಫೈಲುಗಳೂ ಗೊತ್ತು. ಎಷ್ಟೋ ಕಡೆ ಒಬ್ಬ ಹಿರಿಯ ಸೂಪರಿಂಟೆಂಡೆಂಟ್ ಅವರಿಗೆ ಎಲ್ಲ ನಿಯಮವೂ ಬಾಯಿಪಾಠ. ಅವರು ಇದ್ದ ದಿನ ಕೆಲಸ ಆಗುತ್ತದೆ, ರಜೆ ಹಾಕಿದ ದಿನ ಆಗುವುದಿಲ್ಲ. ಅವರು ನಿವೃತ್ತರಾದ ಮೇಲೆ ಏನು ಮಾಡಬೇಕು, ಹೇಳಿ?

ಕಾನೂನಿನ ಕಡೆಯಿಂದ ನೋಡಿದರೆ ವ್ಯವಸ್ಥೆ ಚೆನ್ನಾಗಿಯೇ ಇದೆ. ಎಲ್ಲಕ್ಕೂ ಮೇಲೆ 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಇದೆ. 1976ರ ಕಾಯ್ದೆಯ ಜಾಗಕ್ಕೆ ಬಂದದ್ದು ಅದು. ಅದರ ಕೆಳಗೆ ವಿಶ್ವವಿದ್ಯಾಲಯದ ಮೂಲ ನಿಯಮಗಳಾದ ಸ್ಟ್ಯಾಚ್ಯೂಟ್‌ಗಳು. ಇವಕ್ಕೆ ಕುಲಾಧಿಪತಿಗಳಾದ ರಾಜ್ಯಪಾಲರ ಒಪ್ಪಿಗೆ ಬೇಕು. ಆಮೇಲೆ ವಿಶ್ವವಿದ್ಯಾಲಯವೇ ಮಾಡುವ ಆರ್ಡಿನೆನ್ಸ್‌ಗಳು, ರೆಗ್ಯುಲೇಷನ್‌ಗಳು. ಕಟ್ಟಕಡೆಗೆ ಸುತ್ತೋಲೆಗಳು. ಮೇಲಿನಿಂದ ಕೆಳಗೆ ಇಳಿದಷ್ಟೂ ವಿದ್ಯಾರ್ಥಿಯ ದಿನನಿತ್ಯಕ್ಕೆ ಹತ್ತಿರ. ಆದರೆ ಇಳಿದಷ್ಟೂ ಹುಡುಕುವುದೂ ಕಷ್ಟ. ಕಾಯ್ದೆ ಬೇಕೆಂದರೆ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಅಲ್ಲಿ ತಿದ್ದುಪಡಿಗಳನ್ನು ಆಯಾ ಜಾಗದಲ್ಲೇ ಸೇರಿಸಿರುತ್ತಾರೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇದು ಯಾವ ವರ್ಷದ ಎಷ್ಟನೇ ಕಾಯ್ದೆಯಿಂದ ಸೇರಿದ್ದು, ಯಾವ ದಿನದಿಂದ ಜಾರಿ ಎಂದು ಬರೆದಿರುತ್ತಾರೆ. ವಕೀಲರಲ್ಲದ ನನಗೂ ಅದು ಅರ್ಥವಾಗುತ್ತದೆ. ನಿಮ್ಮ ಪಕ್ಕದ ಇಲಾಖೆ ರಾಜ್ಯದ ಕಾಯ್ದೆಗಳಿಗೆ ಮಾಡುತ್ತಿರುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ತಮ್ಮ ರೆಗ್ಯುಲೇಷನ್‌ಗಳಿಗೆ ಮಾಡಲಾಗದೇ?

ಮಾಡಲೇಬೇಕು ಎಂದು ಕಾನೂನೂ ಹೇಳಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ನೋಡಿ. ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ನಿಯಮ, ವಿನಿಯಮ, ಸೂಚನೆ, ಕೈಪಿಡಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಅದಕ್ಕೆ ಕೊಟ್ಟಿದ್ದು 120 ದಿನ. ಆಮೇಲೆ ಪ್ರತಿ ವರ್ಷ ಪರಿಷ್ಕರಿಸಬೇಕು. ಸ್ಥಳೀಯ ಭಾಷೆಯನ್ನೂ ಗಮನದಲ್ಲಿಟ್ಟು ಜನರಿಗೆ ತಲುಪಿಸಬೇಕು ಎಂದೂ ಅದೇ ಸೆಕ್ಷನ್ನಿನಲ್ಲಿದೆ. ಕಾಯ್ದೆ ಬಂದು 20 ವರ್ಷ ಕಳೆಯಿತು. ಈಗಲೂ ಒಂದು ರೆಗ್ಯುಲೇಷನ್ ಬೇಕೆಂದರೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ ಎನ್ನುವವರಿದ್ದಾರೆ. ಉತ್ತರ ಕೊಡಲು ಅವರಿಗೆ 30 ದಿನ ಅವಕಾಶ. ಪರೀಕ್ಷಾ ಶುಲ್ಕ ಕಟ್ಟಲು ಹುಡುಗರಿಗೆ ಅಷ್ಟು ದಿನ ಎಲ್ಲಿರುತ್ತದೆ?

ಇನ್ನೂ ಹಿಂದಿನ ಒಂದು ತೀರ್ಪನ್ನು ನೆನಪಿಸುತ್ತೇನೆ. ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರಲ್ಲಿ ಒಂದು ಅಫೀಮು ಕಾನೂನನ್ನು ಬರೀ ಠರಾವಿನ ಮೂಲಕ ಒಪ್ಪಿತ್ತು. ಅದನ್ನು ಎಲ್ಲೂ ಪ್ರಕಟಿಸಿರಲಿಲ್ಲ. ಅದರ ಅಡಿಯಲ್ಲಿ ಹರ್ಲಾ ಎಂಬವರಿಗೆ 50 ರೂಪಾಯಿ ದಂಡ ಬಿತ್ತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಜನರಿಗೆ ತಿಳಿಯುವಂತೆ ಪ್ರಕಟಿಸದ ಕಾನೂನಿನಿಂದ ಯಾರನ್ನೂ ಶಿಕ್ಷಿಸುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು 1951ರಲ್ಲಿ ಕೋರ್ಟು ಹೇಳಿತು, ಶಿಕ್ಷೆ ರದ್ದಾಯಿತು. 50 ರೂಪಾಯಿ ದಂಡಕ್ಕೇ ಈ ಮಾತು ಅನ್ವಯಿಸುತ್ತದೆ ಎಂದರೆ, ಒಂದು ಡಿಗ್ರಿಗೆ ಅನ್ವಯಿಸುವುದು ಬೇಡವೇ? ಕಣ್ಣಿಗೆ ಬೀಳದ ಸುತ್ತೋಲೆ ತೋರಿಸಿ "ನಿಮ್ಮ ಅವಧಿ ಮುಗಿದಿದೆ" ಎಂದು ಒಬ್ಬ ವಿದ್ಯಾರ್ಥಿಗೆ ಹೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೊಸ ವಿಶ್ವವಿದ್ಯಾಲಯಗಳ ವಿಷಯ ಇನ್ನೂ ತುರ್ತಿನದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಹಾವೇರಿ ಬೇರೆಯಾಯಿತು, ಮಂಗಳೂರಿನಿಂದ ಕೊಡಗು, ಮೈಸೂರಿನಿಂದ ಹಾಸನ ಮತ್ತು ಚಾಮರಾಜನಗರ. ಬೀದರ್, ಕೊಪ್ಪಳ, ಬಾಗಲಕೋಟೆಗಳದ್ದೂ ಇದೇ ಕಥೆ. ಈಗ ಇವುಗಳಲ್ಲಿ ಹೆಚ್ಚಿನವನ್ನು ಮುಚ್ಚುವ, ವಿಲೀನ ಮಾಡುವ ಮಾತು 2025ರಿಂದ ನಡೆದಿದೆ. ಉಳಿಸಬೇಕೋ ಬೇಡವೋ ಸರ್ಕಾರ ನಿರ್ಧರಿಸಲಿ. ಆದರೆ ಏನೇ ನಿರ್ಧಾರವಾದರೂ ಒಂದು ಬ್ಯಾಚಿನ ವಿದ್ಯಾರ್ಥಿಗಳು ಒಂದು ವಿಶ್ವವಿದ್ಯಾಲಯದ ನಿಯಮದಿಂದ ಇನ್ನೊಂದರ ನಿಯಮದೊಳಗೆ ಹೋಗಬೇಕಾಗುತ್ತದೆ. ಇನ್ನು ಹದಿನೈದು ವರ್ಷ ಕಳೆದ ಮೇಲೆ ಕೆಲಸ ಕೊಟ್ಟವರು ಅಂಕಪಟ್ಟಿ ಪರಿಶೀಲನೆಗೆ ಕಳಿಸಿದರೆ, ಆಗಿನ ಗ್ರೇಡಿಂಗ್ ನಿಯಮ ಯಾವುದಿತ್ತು ಎಂದು ಹೇಳಲು ಯಾರ ಬಳಿಯಾದರೂ ದಾಖಲೆ ಇರಬೇಕು ಅಲ್ವಾ?

ಪಿಎಚ್.ಡಿ. ವಿದ್ಯಾರ್ಥಿಗಳನ್ನೂ ನೋಡಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ಒಂದು ನಿಯಮ ತಂದಿತು, 2016ರಲ್ಲಿ ಇನ್ನೊಂದು, 2022ರ ನವೆಂಬರಿನಲ್ಲಿ ಮತ್ತೊಂದು. ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಲೇಖನ ಪ್ರಕಟವಾಗಿರಲೇಬೇಕು ಎಂಬ 2016ರ ಷರತ್ತು 2022ರಲ್ಲಿ ಹೋಯಿತು. ಆದರೆ ಹಳಬರಿಗೆ ಹಳೆಯ ನಿಯಮವೇ ಅನ್ವಯ ಎಂದು ಯುಜಿಸಿ ಅದರಲ್ಲೇ ಸ್ಪಷ್ಟವಾಗಿ ಬರೆಯಿತು. ಹೀಗೆ ಬರೆದರೆ ಗೊಂದಲವೇ ಇಲ್ಲ. ನಮ್ಮ ವಿಶ್ವವಿದ್ಯಾಲಯಗಳ ಎಷ್ಟೋ ಸುತ್ತೋಲೆಗಳಲ್ಲಿ ಯಾರಿಗೆ ಅನ್ವಯ, ಯಾವತ್ತಿನಿಂದ ಎಂಬ ಆ ಎರಡು ಸಾಲುಗಳೇ ಇರುವುದಿಲ್ಲ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನಕ್ಕೆ ಮೊದಲು ಎಲ್ಲ ನೀತಿಗಳನ್ನೂ ಕಲೆಹಾಕಿ ಚೆಂದದ ಫೈಲು ಮಾಡುತ್ತೇವೆ. ಅಂದರೆ ಮಾಡಲು ನಮಗೆ ಬರುತ್ತದೆ. ಅದೇ ಕೆಲಸ ವಿದ್ಯಾರ್ಥಿಗಳಿಗಾಗಿ, ವರ್ಷಪೂರ್ತಿ ಆಗಬೇಕು. ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳಲ್ಲಿ ಪಾಲಿಸಿ ಲೈಬ್ರರಿ ಎಂದೇ ಒಂದು ಜಾಗ ಇಟ್ಟಿರುತ್ತಾರೆ. ಯಾರು ಒಪ್ಪಿದ್ದು, ಯಾರು ಹೊಣೆ, ಯಾವತ್ತಿನಿಂದ ಜಾರಿ, ಮುಂದಿನ ಪರಿಶೀಲನೆ ಯಾವಾಗ ಎಂಬುದು ಅಲ್ಲಿ ದಾಖಲೆಯ ಜೊತೆಗೇ ಇರುತ್ತದೆ. ಇದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಡ.

ನಮ್ಮಲ್ಲಿ ಈಗಾಗಲೇ ಯುಯುಸಿಎಂಎಸ್ ಎಂಬ, ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆ ಇದೆ. ಪ್ರವೇಶ, ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ ಎಲ್ಲ ಅದರಲ್ಲೇ. ಅದರಲ್ಲಿರುವ ವಿದ್ಯಾರ್ಥಿ ಯಾವ ವರ್ಷ, ಯಾವ ಪದ್ಧತಿಯಲ್ಲಿ ಸೇರಿದ ಎಂಬುದು ಅದಕ್ಕೆ ಗೊತ್ತು. ಅವನು ಲಾಗಿನ್ ಆದಾಗ ಅವನ ಬ್ಯಾಚಿಗೆ ಅನ್ವಯಿಸುವ ರೆಗ್ಯುಲೇಷನ್, ತಿದ್ದುಪಡಿ ಎಲ್ಲ ಸೇರಿಸಿದ ಪ್ರತಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಾಣಲಿ. ಸ್ಕ್ಯಾನ್ ಮಾಡಿದ ಮಸುಕು ಹಾಳೆ ಬೇಡ, ಹುಡುಕಲು ಬರುವ ಅಕ್ಷರ ಇರಲಿ. ಹಳೆಯ ಪ್ರತಿಗಳನ್ನು ಅಳಿಸದೆ ಹಾಗೇ ಇಡಲಿ. ಪ್ರತಿ ಸುತ್ತೋಲೆಯಲ್ಲೂ ಅದು ಯಾವ ಬ್ಯಾಚಿಗೆ, ಯಾವತ್ತಿನಿಂದ ಎಂಬುದು ಕಡ್ಡಾಯವಾಗಿರಲಿ. ಉಲ್ಲೇಖದಲ್ಲಿ ಬರೆದ ಕಾಗದಗಳನ್ನೂ ಜೊತೆಗೆ ಹಾಕಲಿ. ಪ್ರತಿ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಒಬ್ಬ ಅಧಿಕಾರಿ ಹೊಣೆಯಾಗಲಿ, ಅವರ ಹುದ್ದೆಯ ಹೆಸರು ಎಲ್ಲರಿಗೂ ತಿಳಿದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹೀಗೆ ಪ್ರಕಟಿಸದ ನಿಯಮವನ್ನು ತೋರಿಸಿ ಯಾವ ವಿದ್ಯಾರ್ಥಿಯ ಪರೀಕ್ಷೆಯನ್ನೂ ಪದವಿಯನ್ನೂ ತಡೆಯಬಾರದು ಎಂದು ನಿಮ್ಮ ಇಲಾಖೆಯಿಂದ ಒಂದು ಸ್ಪಷ್ಟ ಸೂಚನೆ ಹೋಗಲಿ. ಈ ಕೊನೆಯದೊಂದು ಆದರೆ ಉಳಿದವೆಲ್ಲ ತಾವಾಗಿಯೇ ಬೇಗ ಆಗುತ್ತವೆ ಎಂಬುದು ನನ್ನ ನಂಬಿಕೆ.

ಎಲ್ಲವನ್ನೂ ಒಂದೇ ಸಲ ಮಾಡಿ ಎಂದು ಕೇಳುತ್ತಿಲ್ಲ. ಮೊದಲು ಬಿ.ಎ., ಬಿ.ಕಾಂ., ಬಿ.ಎಸ್ಸಿ. ಕೋರ್ಸುಗಳ ಮೂರೂ ಪದ್ಧತಿಗಳ ರೆಗ್ಯುಲೇಷನ್ ಮತ್ತು ಸಮಾನ ಪೇಪರುಗಳ ಪಟ್ಟಿ ಬರಲಿ. ಮುಂದಿನ ಸೆಮಿಸ್ಟರಿನ ಪರೀಕ್ಷಾ ಶುಲ್ಕದ ಅಧಿಸೂಚನೆ ಹೊರಡುವ ಮೊದಲು ಬಂದರೆ, ಬಾಕಿ ಪೇಪರ್ ಇಟ್ಟುಕೊಂಡು ಕಾಯುತ್ತಿರುವವರಿಗೆ ಈ ಸಲವೇ ಅನುಕೂಲವಾಗುತ್ತದೆ. ಕುಲಪತಿಗಳ ಸಭೆಯನ್ನು ನೀವು ಕರೆಯುತ್ತಲೇ ಇರುತ್ತೀರಿ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ, ಯಾವ ವಿಶ್ವವಿದ್ಯಾಲಯ ಎಷ್ಟು ಹಾಕಿದೆ ಎಂದು ಅಲ್ಲೇ ತೆರೆಸಿ ನೋಡಿ ಎಂದು ವಿನಂತಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಅನುದಾನಿತ ಪದವಿ ಕಾಲೇಜಿನ ಅಧ್ಯಾಪಕಿ