ಸಾಗರದ ಹೋಮ್‌ಸ್ಟೇ - ಬರೋರೆಲ್ಲ ದಯವಿಟ್ಟು ಓದಿ

ಎಲ್ರಿಗೂ ನಮಸ್ಕಾರ 🙏 ಶುಕ್ರವಾರ ರಾತ್ರಿ ಬೆಂಗಳೂರಿಂದ ತಾಳಗುಪ್ಪ ಟ್ರೈನು, ಇಳಿಯೋದು ಸಾಗರ ಜಂಬಗಾರು ಸ್ಟೇಷನ್ನಲ್ಲಿ, ತಾಳಗುಪ್ಪ ತನಕ ಮಲ್ಕೊಂಡು ಹೋಗ್ಬೇಡಿ. ಅಲ್ಲಿಗೆ ಜೀಪ್ ಬರತ್ತೆ.

ಇದು ರೆಸಾರ್ಟ್ ಅಲ್ಲ, ಅಡಿಕೆ ತೋಟದ ಹಳೇ ಮನೆ, ಮನೆಯವರೂ ಅಲ್ಲೇ ಇರ್ತಾರೆ. ಅದಕ್ಕೇ ರಾತ್ರಿ ಒಂಬತ್ತರ ಮೇಲೆ ಸ್ಪೀಕರ್ ಬೇಡ ಅಂತ ಮೊದ್ಲೇ ಹೇಳಿದಾರೆ. ಅಟ್ಟದ್ ಮೇಲಿನ ರೂಮಿಗೆ ಹಲಗೆ ನೆಲ, ಒಬ್ರು ನಡೆದ್ರೆ ಕೆಳಗೆ ಜಗಲಿಲಿ ಕೂತೋರಿಗೆಲ್ಲ ಕೇಳತ್ತೆ, ಬಾಗಿಲೂ ಗಿಡ್ಡ, ಉದ್ದ ಇರೋರು ತಲೆ ನೋಡ್ಕೊಳಿ! ಸ್ನಾನಕ್ಕೆ ಗೀಸರ್ ಇಲ್ಲ, ಬಚ್ಚಲಲ್ಲಿ ಹಂಡೆ ನೀರು, ಒಬ್ಬೊಬ್ರಾಗಿ ಹೋಗಿ.

ರೇಟಲ್ಲಿ ರೂಮು, ಬೆಳಗಿನ ತಿಂಡಿ ಮಾತ್ರ ಸೇರಿದೆ. ತಿಂಡಿಗೆ ತೆಳ್ಳೇವು ಅಂದ್ರೆ ತೆಳು ದೋಸೆ, ಜೋನಿಬೆಲ್ಲ ಅಂದ್ರೆ ನೀರಾಗಿರೋ ಬೆಲ್ಲ, ತುಪ್ಪ (ಇದೊಂದಕ್ಕೇ ಹೋಗ್ಬೋದು ಅನ್ನೋದು ನನ್ನ ಅಭಿಪ್ರಾಯ). ಊಟ ಬೇಕಂದ್ರೆ ಹಿಂದಿನ ದಿನಾನೇ ಹೇಳ್ಬೇಕು, ಸಸ್ಯಾಹಾರ ಮಾತ್ರ, ಅಪ್ಪೆಹುಳಿ (ಮಾವಿನಕಾಯಿ ಹುಳಿ ಸಾರು), ತಂಬುಳಿ ಎಲ್ಲ ಮಾಡ್ತಾರೆ.

ಮಳೆ ಹಿಡಿದಿದೆ, ತೋಟದಲ್ಲಿ ಉಂಬಳ (ರಕ್ತ ಹೀರೋ ಜಿಗಣೆ) ಗ್ಯಾರಂಟಿ, ಉದ್ದ ಸಾಕ್ಸು ಕೊಡೆ ಟಾರ್ಚ್ ತನ್ನಿ. ಹತ್ತಿದ್ರೆ ಎಳೀಬೇಡಿ, ಉಪ್ಪು ಹಾಕಿದ್ರೆ ತಾನೇ ಬಿಡತ್ತೆ. ಆಧಾರ್ ಜೆರಾಕ್ಸ್, ಕ್ಯಾಶ್ ಇರ್ಲಿ, ನೆಟ್‌ವರ್ಕ್ ನಂಬ್ಕೊಂಡು ಫೋನ್‌ಪೇ ಅನ್ಬೇಡಿ. ಶನಿವಾರ ಇಕ್ಕೇರಿ ದೇವಸ್ಥಾನ, ಭಾನುವಾರ ಜೋಗ.

ಬರೋರು ಬುಧವಾರ ಸಂಜೆಯೊಳಗೆ ಹೆಸರು, ಊಟ ಬೇಕಾ ಬೇಡ್ವಾ ಎರಡೂ ಇಲ್ಲೇ ಹಾಕಿ, ಬರೀ ಥಂಬ್ಸಪ್ ಒತ್ತಿದ್ರೆ ಲೆಕ್ಕಕ್ಕಿಲ್ಲ. ಮಂಡಿ ನೋವಿರೋರು ನಂಗೆ ಪರ್ಸನಲ್ ಮೆಸೇಜ್ ಮಾಡಿ, ಕೆಳಗಿನ ರೂಮು ಇಡ್ಸೋಣ.