ದೂಳು ನೋಡಿ ಏರ್ ಫಿಲ್ಟರ್ ತೊಳೆಯಿರಿ

ಮಾನ್ಯ ಸಂಪಾದಕರೆ,

ವಾರಾಂತ್ಯ ಬಂತೆಂದರೆ ಬೆಂಗಳೂರಿನಿಂದ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮಣ್ಣುಹಾದಿಗಳಿಗೆ ಡರ್ಟ್ ಬೈಕ್ ಒಯ್ಯುವ ಯುವಜನರು ಈಗ ಬಹಳ ಮಂದಿ ಇದ್ದಾರೆ. 2015ರಲ್ಲಿ ಮರುಭೂಮಿ, ಮಣ್ಣುಹಾದಿಗಳ ದೂರದ ಓಟವಾದ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಸಿ.ಎಸ್. ಸಂತೋಷ್, 2019ರಲ್ಲಿ ಇಂಥದೇ ಓಟಗಳ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದ ಐಶ್ವರ್ಯಾ ಪಿಸ್ಸೆ ಇಬ್ಬರೂ ಬೆಂಗಳೂರಿನವರೇ ಆಗಿರುವಾಗ ಈ ಕ್ರೀಡೆಯತ್ತ ಇಲ್ಲಿನ ಮಕ್ಕಳು ಆಕರ್ಷಿತರಾಗುವುದು ಸಹಜ, ಅದು ಸಂತೋಷದ ಸಂಗತಿಯೂ ಹೌದು. ಆದರೆ ಹೆಲ್ಮೆಟ್, ಬೂಟು, ನೀ ಗಾರ್ಡ್‌ಗಳ ವಿಷಯದಲ್ಲಿ ಎಚ್ಚರ ವಹಿಸುವ ಇವರಲ್ಲಿ ಅನೇಕರು ಸೀಟಿನಡಿ ಕುಳಿತು ಎಂಜಿನ್ ಸೇರುವ ಗಾಳಿಯ ದೂಳನ್ನು ಸೋಸುವ ಏರ್ ಫಿಲ್ಟರನ್ನು ಮರೆತೇಬಿಡುತ್ತಾರೆ. ಅದಕ್ಕಿಂತ ಬೇಸರದ ವಿಷಯವೆಂದರೆ, ಅದನ್ನು ನೋಡಿಕೊಳ್ಳಬೇಕಾದ ಎಷ್ಟೋ ಗ್ಯಾರೇಜುಗಳಲ್ಲಿಯೂ ಕಂಪ್ರೆಸರ್ ಗಾಳಿ ಹೊಡೆದು ವಾಪಸ್ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಮುಂದೆ ಹೋಗುತ್ತಿರುವ ಬೈಕ್ ಎಬ್ಬಿಸಿದ ದೂಳಿನ ನಡುವೆ ಸಾಗುವಾಗ ಅಷ್ಟೂ ಗಾಳಿ ದೂಳು ಹೊತ್ತೇ ಬರುತ್ತದೆ. ನಮ್ಮ ಬಯಲುಸೀಮೆಯ ಮಣ್ಣು ಕಣಶಿಲೆ (ಗ್ರಾನೈಟ್) ಸವೆದು ಆದದ್ದು. ಅದರಲ್ಲಿರುವ ಸ್ಫಟಿಕದ ಕಣಗಳು ಸಾಧಾರಣ ಉಕ್ಕಿಗಿಂತಲೂ ಗಡಸು. ಫಿಲ್ಟರ್ ದಾಟಿ ಒಳಹೋದ ಇಂಥ ಕಣಗಳು ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವೆ ಸೇರಿ ಎರಡನ್ನೂ ಉಜ್ಜುತ್ತವೆ, ವಾಲ್ವ್ ಕೂರುವ ಜಾಗವನ್ನು ಸವೆಸುತ್ತವೆ. ಹೊಗೆ ಕಾಣಿಸಿ, ಎಂಜಿನ್‌ನ ಶಕ್ತಿ ಕುಗ್ಗಿದ್ದು ಗೊತ್ತಾಗುವ ಹೊತ್ತಿಗೆ ರಿಂಗು, ಪಿಸ್ಟನ್, ಬೋರ್ ಎಂದು ಸಾವಿರಾರು ರೂಪಾಯಿಯ ಕೆಲಸ ಕಾದಿರುತ್ತದೆ.

ಮಣ್ಣಿನ ಓಟಕ್ಕೆಂದೇ ತಯಾರಾದ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಎಣ್ಣೆ ಹೀರಿಕೊಂಡ ಸ್ಪಂಜಿನ ಫಿಲ್ಟರ್ ಇರುತ್ತದೆ. ಇದರಲ್ಲಿ ದೂಳನ್ನು ಹಿಡಿಯುವುದು ಬಹುಪಾಲು ಆ ಅಂಟುಎಣ್ಣೆಯೇ ಆದ್ದರಿಂದ, ಎಣ್ಣೆಯಿಲ್ಲದ ಸ್ಪಂಜು ಇದ್ದೂ ಇಲ್ಲದಂತೆ. ಇದನ್ನು ತೊಳೆಯಲು ಪೆಟ್ರೋಲ್ ಬಳಸುವವರಿಗೆ ಕಳಕಳಿಯಿಂದ ಹೇಳುವುದೇನೆಂದರೆ, ದಯವಿಟ್ಟು ಅದನ್ನು ಬಿಡಿ. ಬೆಂಕಿಯ ಅಪಾಯ ಒಂದಾದರೆ, ಸ್ಪಂಜಿನ ಅಂಚುಗಳನ್ನು ಕೂಡಿಸಿರುವ ಅಂಟು ಪೆಟ್ರೋಲಿಗೆ ಬಿಟ್ಟುಕೊಳ್ಳುವುದು ಇನ್ನೊಂದು. ಇದಕ್ಕೆಂದೇ ಬರುವ ಕ್ಲೀನರ್ ಉತ್ತಮ. ಅದು ಸಿಗದಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿ, ಆಮೇಲೆ ಸೋಪಿನ ನೀರಿನಲ್ಲಿ ಜಾಲಿಸಬಹುದು. ಬಟ್ಟೆ ಹಿಂಡುವಂತೆ ತಿರುಚಿದರೆ ಅಂಟಿಸಿದ ಜಾಗ ಹರಿಯುತ್ತದೆ, ಅಂಗೈಗಳ ನಡುವೆ ಒತ್ತಿಯೇ ನೀರು ತೆಗೆಯಬೇಕು. ನೆರಳಿನಲ್ಲಿ ಪೂರ್ತಿ ಒಣಗಿಸಿದ ಬಳಿಕ ಪ್ಲಾಸ್ಟಿಕ್ ಚೀಲದೊಳಗಿಟ್ಟು ಫಿಲ್ಟರ್ ಆಯಿಲ್ ಸುರಿದು, ಬಣ್ಣ ಎಲ್ಲೆಡೆ ಒಂದೇ ಸಮನಾಗುವವರೆಗೆ ನಾದಿ, ಹೆಚ್ಚಾದದ್ದನ್ನು ಒತ್ತಿ ತೆಗೆಯಬೇಕು. ಎಂಜಿನ್ ಆಯಿಲ್ ಸಾಕೆಂಬ ಮಾತು ಆರ್‌ಎಕ್ಸ್ 100 ಬೈಕಿನ ಕಾಲದಿಂದ ನಡೆದುಬಂದಿದೆ. ಆದರೆ ಅದಕ್ಕೆ ಅಷ್ಟು ಅಂಟಿಲ್ಲ. ನಿಲ್ಲಿಸಿದ ಬೈಕ್‌ನಲ್ಲಿ ಅದು ಕೆಳಕ್ಕಿಳಿದು ಸ್ಪಂಜಿನ ಮೇಲ್ಭಾಗ ಬರಿದಾಗುತ್ತದೆ.

ಫಿಲ್ಟರ್ ಬಿಚ್ಚಿದ ಕೂಡಲೇ ಎಂಜಿನ್‌ಗೆ ಹೋಗುವ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ, ಫಿಲ್ಟರ್ ಕೂರುವ ಬಾಕ್ಸಿನೊಳಗಿನ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆ ಬಾಯಿಯ ಒಳಮೈಗೆ ಬೆರಳಾಡಿಸಿ ನೋಡುವುದನ್ನು ಯಾರೂ ತಪ್ಪಿಸಬಾರದು. ಬೆರಳ ತುದಿಗೆ ನುಣುಪಾದ ಕೆಂಪು ಪುಡಿ ಹತ್ತಿದರೆ ದೂಳು ಫಿಲ್ಟರ್ ದಾಟಿದೆ ಎಂದೇ ಅರ್ಥ. ಅಂಟಿಸಿದ ಜಾಗ ಬಿಟ್ಟಿರಬಹುದು, ಅಥವಾ ಅಂಚು ಸರಿಯಾಗಿ ಕೂತಿರಲಿಕ್ಕಿಲ್ಲ. ಅಂಚಿನ ಸುತ್ತ ತೆಳುವಾಗಿ ಗ್ರೀಸ್ ಸವರುವುದು ಇದೇ ಕಾರಣಕ್ಕೆ. ಒತ್ತಿದರೆ ಪುಡಿಯಾಗುವ, ಹರಿದ, ಗಟ್ಟಿಯಾದ ಸ್ಪಂಜನ್ನು ತೊಳೆದು ಫಲವಿಲ್ಲ, ಹೊಸದನ್ನೇ ಹಾಕಬೇಕು. ಮಲೆನಾಡಿನ ಮಳೆಗಾಲದಲ್ಲಿ ಹಳ್ಳ ದಾಟಿದವರು ಬಾಕ್ಸಿನ ತಳದ ಡ್ರೈನ್ ಕೊಳವೆಯಲ್ಲಿ ನಿಂತ ನೀರನ್ನೂ ತೆಗೆಯಬೇಕು.

ರಸ್ತೆಯ ಬೈಕ್‌ಗಳ ಕಾಗದದ ಫಿಲ್ಟರಿಗೆ ಇದ್ಯಾವುದೂ ಅನ್ವಯಿಸದು. ಎಣ್ಣೆ ಲೇಪಿಸಿದ ಕಾಗದದ ಫಿಲ್ಟರನ್ನು ತೊಳೆಯುವಂತಿಲ್ಲ, ಗಾಳಿ ಹೊಡೆಯುವಂತಿಲ್ಲ, ಬದಲಿಸುವುದೊಂದೇ ದಾರಿ.

ಸರ್ವಿಸ್ ಪುಸ್ತಕದಲ್ಲಿ ಅಚ್ಚಾದ ಕಿಲೋಮೀಟರ್ ಲೆಕ್ಕವನ್ನು ಮಣ್ಣಿನಲ್ಲಿ ಓಡಿಸುವವರು ನೆಚ್ಚಿಕೊಳ್ಳಬಾರದು. ಬೇಸಿಗೆಯಲ್ಲಿ ದೂಳಿನ ಹಾದಿಯಲ್ಲಿ ಕಳೆದ ಒಂದು ದಿನ, ಡಾಂಬರು ರಸ್ತೆಯ ಹಲವು ತಿಂಗಳಿಗೆ ಸಮ. ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ಮೋಟೊಕ್ರಾಸ್ ಸವಾರರು ಎಣ್ಣೆ ಹಾಕಿ ಸಿದ್ಧಪಡಿಸಿದ ಹೆಚ್ಚುವರಿ ಫಿಲ್ಟರುಗಳನ್ನು ಚೀಲದಲ್ಲಿಟ್ಟುಕೊಂಡು ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಬದಲಿಸುತ್ತಾರೆ. ಹವ್ಯಾಸಿಗಳೂ ಇಂಥದ್ದೊಂದನ್ನು ಮನೆಯಲ್ಲಿಟ್ಟುಕೊಂಡರೆ, ಕೊಳೆಯಾದದ್ದನ್ನು ಬಿಡುವಾದಾಗ ತೊಳೆದು ಒಣಗಿಸಬಹುದು.

ಗ್ಯಾರೇಜಿನವರಲ್ಲಿ ಎರಡು ವಿನಂತಿಗಳಿವೆ. ಫಿಲ್ಟರ್ ಸ್ಪಂಜಿನದೋ ಕಾಗದದ್ದೋ, ಅದನ್ನು ತೊಳೆದು ಎಣ್ಣೆ ಹಾಕಿದಿರೋ ಬದಲಿಸಿದಿರೋ ಎಂಬುದನ್ನು ಬಿಲ್ಲಿನಲ್ಲಿ ಸ್ಪಷ್ಟವಾಗಿ ಬರೆಯಿರಿ, ಹಳೆಯದನ್ನು ಗ್ರಾಹಕರಿಗೆ ತೋರಿಸಿ. ತೊಳೆದ ಕೊಳೆ ಎಣ್ಣೆಯನ್ನು ಮೋರಿಗೆ ಸುರಿಯದೆ, ಹಳೆಯ ಎಂಜಿನ್ ಆಯಿಲ್ ಒಯ್ಯುವವರಿಗೇ ಕೊಡಿ. ಕೋಲಾರದ ಕಡೆ ಉಳಿದಿರುವ ಕೆರೆಗಳಿಗೆ ಆ ಮೋರಿಗಳ ನೀರೇ ಹೋಗಿ ಸೇರುವುದು.

ಇಂತು ತಮ್ಮ ವಿಶ್ವಾಸಿ,
ಓದುಗ, ಕೋಲಾರ